ಬಾಡಿಗೆ ಇಳಿದಿದೆ, ಸಾಗಣೆಯ ಒಪ್ಪಂದ ಬಿಟ್ಟುಬಿಡಲೇ?

ವರ್ಷದ ಒಪ್ಪಂದದ ದರಕ್ಕಿಂತ ಮಾರುಕಟ್ಟೆಯ ಬಾಡಿಗೆ ಈಗ ಕಡಿಮೆ ಇದೆ, ಒಪ್ಪಂದ ಬಿಟ್ಟು ಆಯಾ ದಿನದ ದರಕ್ಕೇ ಲಾರಿ ಗೊತ್ತುಮಾಡಿಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಪೂರ್ತಿ ಬಿಡಬೇಡಿ.

ಕಾರ್ಖಾನೆಯೊಂದರ ರವಾನೆ ವಿಭಾಗದಲ್ಲಿದ್ದಾಗ ನಾನು ಅದನ್ನೇ ಮಾಡಿದ್ದೆ. ಬಾಡಿಗೆ ಇಳಿದ ಕೂಡಲೇ ಹಳೆಯ ಸಾಗಣೆದಾರರ ಲೋಡುಗಳಲ್ಲಿ ಅರ್ಧವನ್ನು ಕಡಿಮೆ ದರ ಹೇಳಿದವರಿಗೆ ಹಂಚಿದೆ. ಕೆಲವು ತಿಂಗಳು ಲೆಕ್ಕ ಚೆನ್ನಾಗಿಯೇ ಕಂಡಿತು. ಬೇಡಿಕೆ ಏರಿದ್ದೇ ತಡ, ಹೊಸಬರು ಹೆಚ್ಚು ಕೊಡುವವರ ಕಡೆ ಹೋದರು. ಸಂಜೆಯೊಳಗೆ ಹೊರಡಬೇಕಿದ್ದ ಪೆಟ್ಟಿಗೆಗಳು ಗೋದಾಮಿನ ಬಾಗಿಲಲ್ಲೇ ಮೂರು ದಿನ ಉಳಿದವು. ಹಳೆಯ ಸಾಗಣೆದಾರರಿಗೆ ಫೋನ್ ಮಾಡಿದೆ. "ನಿಮ್ಮ ಲೋಡ್ ನಿಂತ ಮೇಲೆ ಕಂತು ಕಟ್ಟಲಾಗಲಿಲ್ಲ ಸಾರ್, ಎರಡು ಗಾಡಿ ಮಾರಿದೆ" ಎಂದರು. ಆ ಮಾತು ಇಂದಿಗೂ ಚುಚ್ಚುತ್ತದೆ.

ಬಾಡಿಗೆ ಒಂದೇ ವಾರದಲ್ಲಿ ಏರಬಹುದು, ಆದರೆ ಮಾರಿಹೋದ ಗಾಡಿಯಾಗಲಿ ಬೇರೆ ಕೆಲಸ ಹಿಡಿದ ಚಾಲಕನಾಗಲಿ ಒಂದು ವಾರದಲ್ಲಿ ಮರಳುವುದಿಲ್ಲ. ಹೊಸ ಹಡಗಿಗಂತೂ ಎರಡು ಮೂರು ವರ್ಷ ಕಾಯಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದಾಗ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಹೋಗಬೇಕಾಯಿತು. ಪ್ರತಿ ಯಾನವೂ ಹಲವು ದಿನ ಉದ್ದವಾಯಿತು. ಅಷ್ಟೇ ಹಡಗುಗಳಿದ್ದರೂ ಸಾಗಿಸುವ ಶಕ್ತಿ ಕುಗ್ಗಿ, ಕಂಟೇನರ್ ದರಗಳು ಜಿಗಿದವು.

ದರ ತೀರಾ ಕುಸಿದರೂ ಕೊನೆಗೆ ಪೆಟ್ಟು ಸರಕಿನವರಿಗೇ. ಹಡಗುಗಳು ಹೆಚ್ಚಾಗಿ ದರ ನೆಲಕಚ್ಚಿದ್ದ 2016ರಲ್ಲಿ ದಕ್ಷಿಣ ಕೊರಿಯಾದ ಹ್ಯಾಂಜಿನ್ ಶಿಪ್ಪಿಂಗ್ ಎಂಬ ಹಡಗು ಕಂಪನಿ ದಿವಾಳಿಯಾಯಿತು. ಶುಲ್ಕ ಸಿಗುವುದಿಲ್ಲವೆಂದು ಹಲವು ಬಂದರುಗಳು ಅದರ ಹಡಗುಗಳನ್ನು ಒಳಗೆ ಬಿಡಲಿಲ್ಲ. ಅಗ್ಗದ ಬಾಡಿಗೆ ಕೊಟ್ಟವರ ಸರಕು ನಡುನೀರಿನಲ್ಲಿ ಉಳಿಯಿತು.

ಪ್ರತಿ ವಾರ ತಪ್ಪದೆ ಹೋಗುವ ಲೋಡುಗಳನ್ನು ಒಪ್ಪಂದದಲ್ಲೇ ಇಡಿ. ಯಾವಾಗಲೋ ಬರುವ ಹೆಚ್ಚುವರಿ ಲೋಡಿಗೆ ದಿನದ ದರ ಸಾಕು. ಈಗಿನ ದರ ಭಾರವೆನಿಸಿದರೆ ಸಾಗಣೆದಾರರನ್ನು ಕೂರಿಸಿಕೊಂಡು ಬಿಚ್ಚಿ ಮಾತನಾಡಿ. ಡೀಸೆಲ್ ಬೆಲೆ ಏರಿಳಿದಂತೆ ಬಾಡಿಗೆಯೂ ಬದಲಾಗಲಿ ಎಂದು ಬರೆದುಕೊಳ್ಳಿ. ವಾಪಸು ಬರುವಾಗ ಗಾಡಿ ಖಾಲಿ ಓಡುತ್ತದೆಯೇ ಎಂದೂ ಕೇಳಿ. ಖಾಲಿ ಓಡುವ ಖರ್ಚು ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ. ಆ ದಾರಿಗೆ ನೀವೇ ಒಂದು ಲೋಡ್ ಹುಡುಕಿಕೊಟ್ಟರೆ ಅವರು ತಾವಾಗಿಯೇ ದರ ಇಳಿಸುತ್ತಾರೆ.

ಇನ್ನೊಂದು ಮಾತು. ನಿಮ್ಮ ಗೇಟಿನಲ್ಲಿ ಒಂದು ಲಾರಿ ಎಷ್ಟು ಹೊತ್ತು ಕಾಯುತ್ತದೆ ಎಂದು ನಾಳೆಯಿಂದಲೇ ಬರೆದಿಡಿ. ಗಾಡಿಗಳು ಸಿಗದ ದಿನಗಳಲ್ಲಿ ಸಾಗಣೆದಾರರು ಮೊದಲು ಕೈಬಿಡುವುದು ಎಂಟು ಗಂಟೆ ಕಾಯಿಸುವವರನ್ನು.