ಆಕ್ಸಿಲರೇಟರ್ ಬಿಟ್ಟರೆ ಪಟಪಟ ಸದ್ದು

ಪ್ರಶ್ನೆ: 650 ಸಿಸಿ ಬೈಕಿಗೆ ಹೊಸ ಸ್ಲಿಪ್-ಆನ್ (ಹಳೇ ಪೈಪಿಗೇ ತೂರಿಸುವ) ಸೈಲೆನ್ಸರ್ ಹಾಕಿಸಿದ್ದೇನೆ. ಹುಮನಾಬಾದ್ ರಸ್ತೆಯಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಪಟಪಟ ಅಂತದೆ. ಟ್ಯೂನಿಂಗ್ ಮಾಡಿಸಬೇಕೇ?
– ಓದುಗರು, ಕಲಬುರಗಿ

ಉತ್ತರ: ಟ್ಯೂನಿಂಗಿಗೆ ದುಡ್ಡು ಸುರಿಯುವ ಮೊದಲು ಸೈಲೆನ್ಸರ್ ಪೈಪಿಗೆ ಸೇರುವ ಜಾಯಿಂಟ್ ನೋಡಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಜಾಯಿಂಟಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ ಇದೆ; ಆಕ್ಸಿಲರೇಟರ್ ಬಿಟ್ಟಾಗ ಅಲ್ಲಿಂದಲೇ ಹೊರಗಿನ ಗಾಳಿ ಒಳಸೇರಿ, ಉರಿಯದ ಪೆಟ್ರೋಲ್ ಪೈಪಿನಲ್ಲಿ ಹೊತ್ತಿಕೊಳ್ಳುತ್ತಿದೆ. ಸೋರಿಕೆ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗಿಂತ ಮುಂದೆ, ಎಂಜಿನ್ ಕಡೆ ಇದ್ದರೆ ಇನ್ನೂ ಕೆಟ್ಟದ್ದು: ಗಾಳಿ ಹೆಚ್ಚಾಗಿದೆ ಎಂದು ತಪ್ಪು ತಿಳಿದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಮ್ಮನೆ ಪೆಟ್ರೋಲ್ ಹೆಚ್ಚಿಸುತ್ತದೆ.

ಸಾಮಾನ್ಯವಾಗಿ ತಪ್ಪಾಗುವುದು ಬಿಗಿಯುವ ಕ್ರಮದಲ್ಲಿ. ಜಾಯಿಂಟಿನ ಸಂದು ಮುಚ್ಚುವ ಹಳೇ ಗ್ಯಾಸ್ಕೆಟ್ ಒಮ್ಮೆ ಚಪ್ಪಟೆಯಾದರೆ ಮತ್ತೆ ಕೂರದು, ಹೊಸದೇ ಹಾಕಿ. ಎಲ್ಲ ಬೋಲ್ಟನ್ನೂ ಕೈಯಲ್ಲೇ ತಿರುಗಿಸಿ, ಪೈಪ್ ಪೂರ್ತಿ ಕೂತ ಮೇಲೆ ಮೊದಲು ಜಾಯಿಂಟಿನ ಕ್ಲ್ಯಾಂಪ್, ಆಮೇಲೆ ಸೈಲೆನ್ಸರನ್ನು ಬೈಕಿಗೆ ಹಿಡಿದಿಡುವ ಹ್ಯಾಂಗರ್ ಬಿಗಿಯಿರಿ. ಬಿಗಿತ ಸೈಲೆನ್ಸರ್ ಜೊತೆ ಬಂದ ಹಾಳೆಯಲ್ಲಿದ್ದಷ್ಟೇ. ಹ್ಯಾಂಗರ್ ಮೊದಲು ಬಿಗಿದರೆ ಪೈಪ್ ಓರೆಯಾಗಿ ನಿಲ್ಲುತ್ತದೆ, ಕೆಲವು ಸಾವಿರ ಕಿ.ಮೀ.ಗೆ ಬ್ರಾಕೆಟ್ ಬಿರುಕು. 100 ಕಿ.ಮೀ. ಓಡಿಸಿ, ತಣಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಸ್ಟಾರ್ಟ್ ಮಾಡುವ ಮುನ್ನ ಬೆರಳಚ್ಚು ಒರೆಸದಿದ್ದರೆ ಸ್ಟೀಲ್ ಮೇಲೆ ಕಲೆ ಸುಟ್ಟು ಕೂರುತ್ತದೆ.

ಡಿಬಿ ಕಿಲ್ಲರ್ (ಸೈಲೆನ್ಸರ್ ಒಳಗಿನ, ಸದ್ದು ತಗ್ಗಿಸುವ ಭಾಗ) ಮಾತ್ರ ತೆಗೆಯಬೇಡಿ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಶಬ್ದಮಾಲಿನ್ಯಕ್ಕೂ ಅನ್ವಯಿಸುತ್ತದೆ.