ಬುಡಕ್ಕೆ ಬೆರಳು ಹಾಕಿ ನೋಡಿದಿರಾ?

ಬಾಲ್ಕನಿಯ ಕುಂಡಗಳಲ್ಲಿ ಗಿಡ ಬೆಳೆಸುವವರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಟೊಮೆಟೊದ್ದೇ ಜಾಸ್ತಿ. ಅದರಿಂದಲೇ ಶುರು ಮಾಡೋಣ.

ಪ್ರಶ್ನೆ: ಒಂದು ಬಕೆಟ್‌ನಲ್ಲಿ ಮೂರು ಟೊಮೆಟೊ ಗಿಡ ಹಾಕಿದ್ದೇನೆ. ಕಾಯಿ ತುಂಬಾ ಬಿಟ್ಟಿವೆ, ಆದರೆ ಹಣ್ಣಾಗುವ ಮೊದಲೇ ತಳದಲ್ಲಿ ಕಪ್ಪಗಾಗಿ ಒಳಕ್ಕೆ ಕುಸಿಯುತ್ತಿವೆ. ಮೊಟ್ಟೆ ಚಿಪ್ಪಿನ ಪುಡಿ ಹಾಕಿದೆ, ಪ್ರಯೋಜನ ಆಗಲಿಲ್ಲ. ಯಾವ ಔಷಧಿ ಹೊಡೆಯಲಿ?

ಉತ್ತರ: ಯಾವುದೂ ಬೇಡ. ಇದು ರೋಗ ಅಲ್ಲ, ಹುಳದ ಕಾಟವೂ ಅಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪಿಲ್ಲ. ಮಣ್ಣಿನಲ್ಲಿ ಅದು ಸಾಕಷ್ಟು ಇದ್ದರೂ ಹೀಗಾಗುತ್ತದೆ, ಏಕೆಂದರೆ ಕ್ಯಾಲ್ಸಿಯಂ ಗಿಡದೊಳಗೆ ಹೋಗುವುದು ನೀರಿನ ಜೊತೆ, ಬಿಸಿಲಿಗೆ ನೀರು ಆರಿಸುವ ಎಲೆಗಳು ದೊಡ್ಡ ಪಾಲು ಎಳೆದುಕೊಂಡುಬಿಡುತ್ತವೆ, ಕಾಯಿಗೆ ಸಿಗುವುದು ಉಳಿದದ್ದು ಮಾತ್ರ. ಕುಂಡ ಇವತ್ತು ಒಣಗಿ ನಾಳೆ ಕೆಸರಾದರೆ ಆ ಉಳಿದದ್ದೂ ಇಲ್ಲ. ಮೊಟ್ಟೆ ಚಿಪ್ಪು ಕರಗೋಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಗಿಡದ ಕಥೆಯೇ ಮುಗಿದಿರುತ್ತದೆ.

ನಾನೂ ಇದೇ ತಪ್ಪು ಮಾಡಿದವಳೇ. ಮೊದಲ ವರ್ಷ ಒಂದೇ ಬಕೆಟ್‌ಗೆ ಮೂರು ಗಿಡ ತುರುಕಿ, ತಳ ಕಪ್ಪಾದಾಗ ಬೀಜ ಸರಿಯಿಲ್ಲ ಅಂತ ಬೈದುಕೊಂಡು ಓಡಾಡಿದೆ. ಕೊನೆಗೆ ಬಕೆಟ್ ಬೋರಲು ಹಾಕಿದರೆ ಮಣ್ಣು ಉದುರಲೇ ಇಲ್ಲ. ಬಕೆಟ್ಟಿನ ಆಕಾರದಲ್ಲೇ ಬೇರಿನ ಉಂಡೆ ಹೊರಗೆ ಬಂತು, ಬಿಳಿ ಬೇರುಗಳು ಗೋಡೆಗುಂಟ ಹಗ್ಗದ ಹಾಗೆ ಸುತ್ತಿಕೊಂಡಿದ್ದವು, ಮಧ್ಯದಲ್ಲಿ ಒಂದು ಹಿಡಿ ಮಣ್ಣಿದ್ದರೆ ಹೆಚ್ಚು. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನದ ಹೊತ್ತಿಗೆ ಖಾಲಿಯಾಗದೆ ಇನ್ನೇನಾಗುತ್ತೆ?

ಆದ್ದರಿಂದ ಒಂದು ಗಿಡಕ್ಕೆ 15ರಿಂದ 20 ಲೀಟರ್ ಹಿಡಿಯುವ ಕುಂಡ. ಈಗ ಇರುವ ಮೂರನ್ನು ಕೀಳಲು ಮನಸ್ಸಾಗದಿದ್ದರೆ ಒಂದನ್ನು ಉಳಿಸಿ ಎರಡನ್ನು ಬುಡದಲ್ಲಿ ಕತ್ತರಿಸಿ, ಎಳೆಯಬೇಡಿ, ಉಳಿದದ್ದರ ಬೇರೂ ಹರಿಯುತ್ತದೆ. ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತಣ್ಣಗೆ ಒದ್ದೆಯಿದ್ದರೆ ಬೇಡ, ಒಣಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ. ಇಲ್ಲೊಂದು ಮೋಸ ಇದೆ: ಕುಂಡದ ಮಣ್ಣಿಗೆ ಬೆರೆಸುವ ತೆಂಗಿನ ನಾರಿನ ಪುಡಿ ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಗೋಡೆ ಬಿಟ್ಟುಬಿಡುತ್ತದೆ, ಹಾಕಿದ ನೀರು ಆ ಸಂದಿಯಲ್ಲಿ ಸರಕ್ಕನೆ ಇಳಿದು ಕೆಳಗೆ ಬರುತ್ತದೆ, ನಾವು ನೆನೆಯಿತು ಅಂದುಕೊಳ್ಳುತ್ತೇವೆ. ಅಂಥ ಕುಂಡಕ್ಕೆ ಸ್ವಲ್ಪ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಮೇಲೆ ಒಣ ಎಲೆ ಹಾಸಿ. ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ. ಹೊಸ ಕಾಯಿ ನೆಟ್ಟಗೆ ಬರುತ್ತದೆ.

ಪ್ರಶ್ನೆ: ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಬೇಗ ಬಸಿಯುತ್ತದಂತೆ, ನಿಜವಾ?

ಉತ್ತರ: ಇಲ್ಲ. ನೀರು ನುಣ್ಣನೆ ಮಣ್ಣಿನಿಂದ ದಪ್ಪ ಕಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಕಲ್ಲಿನ ಮೇಲೆಯೇ ನಿಲ್ಲುತ್ತದೆ. ಬೇರಿಗೆ ಜಾಗ ಕಡಿಮೆ ಆಗುವುದೊಂದೇ ಲಾಭ! ತೂತು ಸರಿಯಾಗಿರಲಿ, ಸಾಕು.

ಪ್ರಶ್ನೆ: ಸೌತೆ ಬಳ್ಳಿಯಲ್ಲಿ ಹೂ ಬೇಕಾದಷ್ಟು. ಕೆಲವು ಹಾಗೇ ಉದುರುತ್ತವೆ, ಕೆಲವಕ್ಕೆ ಪುಟ್ಟ ಮಿಡಿ ಇದ್ದರೂ ಹಳದಿಯಾಗಿ ಬೀಳುತ್ತದೆ.

ಉತ್ತರ: ಹಾಗೇ ಉದುರುವುದು ಗಂಡು ಹೂ, ಅದರ ಕೆಲಸವೇ ಅಷ್ಟು. ಹೂವಿನ ಹಿಂದೆ ಬೆರಳಿನ ತುದಿಯಷ್ಟು ಮಿಡಿ ಇದ್ದರೆ ಅದು ಹೆಣ್ಣು. ಅದಕ್ಕೆ ಪರಾಗ ಸಿಗುತ್ತಿಲ್ಲ, ಎತ್ತರದ ಬಾಲ್ಕನಿಗೆ ಜೇನುನೊಣ ಬರುವುದು ಕಡಿಮೆ ಅಲ್ವಾ? ನೀವೇ ಜೇನುನೊಣ ಆಗಬೇಕು. ಬೆಳಿಗ್ಗೆ ಹೂ ಆಗ ತಾನೇ ಅರಳಿದಾಗ ಒಂದು ಗಂಡು ಹೂ ಕಿತ್ತು, ಎಸಳು ಬಿಡಿಸಿ, ಮಧ್ಯದ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಎರಡು ಮೂರು ದಿನಕ್ಕೆ ಮಿಡಿ ಊದಿಕೊಂಡರೆ ಗೆದ್ದಿರಿ. ಕುಂಬಳ, ಹಾಗಲಕ್ಕೂ ಇದೇ ಉಪಾಯ. ಟೊಮೆಟೊ, ಮೆಣಸಿನಕಾಯಿಗೆ ಈ ಕಷ್ಟ ಇಲ್ಲ, ಒಂದೇ ಹೂವಿನಲ್ಲಿ ಎರಡೂ ಇರುತ್ತವೆ, ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಆಯಿತು.

ಪ್ರಶ್ನೆ: ಮೆಣಸಿನ ಗಿಡ ಎದೆ ಮಟ್ಟ ಬೆಳೆದಿದೆ, ಎಲೆ ಕಡು ಹಸಿರು, ಒಂದು ಕಾಯಿ ಇಲ್ಲ. ವಾರಕ್ಕೊಮ್ಮೆ ಗೊಬ್ಬರ ತಪ್ಪಿಸಿಲ್ಲ.

ಉತ್ತರ: ತಪ್ಪಿಸಬೇಕಿತ್ತು! ಸಾರಜನಕ ಜಾಸ್ತಿಯಾದರೆ ಗಿಡ ಎಲೆ ಮಾಡುತ್ತಾ ಹೂವನ್ನೇ ಮರೆಯುತ್ತದೆ. ಒಂದು ತಿಂಗಳು ನಿಲ್ಲಿಸಿ, ಆಮೇಲೆ ಪೊಟ್ಯಾಷ್ ಹೆಚ್ಚಿರುವ ಗೊಬ್ಬರ ಕೊಡಿ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳುತ್ತದಾ ಅಂತಲೂ ಒಮ್ಮೆ ನೋಡಿ. ಬೀಳದಿದ್ದರೆ ಆ ಜಾಗದಲ್ಲಿ ಪಾಲಕ್, ಪುದೀನ, ಕೊತ್ತಂಬರಿ ಬೆಳೆದುಕೊಳ್ಳಿ, ಅವು ಕಡಿಮೆ ಬಿಸಿಲಿಗೂ ಹೊಂದಿಕೊಳ್ಳುತ್ತವೆ.

ಪ್ರಶ್ನೆ: ಬೀಜದಿಂದ ಬೆಳೆಸಿದ ನಿಂಬೆ ಗಿಡಕ್ಕೆ ನಾಲ್ಕು ವರ್ಷ. ಇನ್ನೂ ಹೂ ಬಿಟ್ಟಿಲ್ಲ. ಕಿತ್ತು ಹಾಕಲಾ?

ಉತ್ತರ: ಅದು ನಿಮ್ಮ ತಾಳ್ಮೆಗೆ ಬಿಟ್ಟದ್ದು. ಬೀಜದ ಗಿಡ ಹೂ ಬಿಡಲು ಹಲವು ವರ್ಷ ಹಿಡಿಯುವುದು ಮಾಮೂಲು, ಕುಂಡ ಚಿಕ್ಕದಾದರೆ ಇನ್ನೂ ತಡ. ಹಣ್ಣೇ ಬೇಕಿದ್ದರೆ ಕಸಿ ಗಿಡ ತಂದು 40 ಲೀಟರ್ ಕುಂಡದಲ್ಲಿ ನೆಡಿ, ಬೇಗ ಬಿಡುತ್ತದೆ. ಕಸಿ ಗಂಟಿನ ಕೆಳಗಿಂದ ಚಿಗುರು ಬಂದರೆ ಮುಲಾಜಿಲ್ಲದೆ ತೆಗೆಯಿರಿ, ಅದು ಕಸಿಗೆ ಬೇರಾಗಿ ಬಳಸಿದ ಕೆಳಗಿನ ಗಿಡದ್ದು, ಬಿಟ್ಟರೆ ನಿಮ್ಮ ನಿಂಬೆಯನ್ನೇ ನುಂಗುತ್ತದೆ. ಇನ್ನೊಂದು ಮಾತು, ಕುಂಡವನ್ನು ಎಲ್ಲಿಡುತ್ತೀರಿ ಅಂತ ಮಣ್ಣು ತುಂಬುವ ಮೊದಲೇ ನಿರ್ಧರಿಸಿ. ಒಂದು ಲೀಟರ್ ನೀರೇ ಒಂದು ಕೆಜಿ. ನೆನೆದ ಮೇಲೆ ಅಂಥ ಕುಂಡವನ್ನು ಒಬ್ಬಳೇ ಎತ್ತಲು ಹೋಗಿ ನನ್ನ ಸೊಂಟ ಒಂದು ವಾರ ಹಿಡಿದುಕೊಂಡಿತ್ತು.