ಹಳೆ ಸ್ಪೋರ್ಟ್ಸ್ ಕಾರಿನ ಹೆಡ್‌ಲೈಟ್ ಮಂದ ಇದೆ, ಮನೆಯಲ್ಲೇ ಎಲ್‌ಇಡಿ ಹಾಕಿಕೊಳ್ಳಬಹುದಾ?

ನೀವು ಕೇಳಿದ್ದು ಇಷ್ಟು: ಊರು ವಿಜಯಪುರ, ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಬಾಗಿಲಿನ ಹಳೆ ಸ್ಪೋರ್ಟ್ಸ್ ಕಾರು ತಗೊಂಡಿದ್ದೀರಿ, ಎಚ್4 ಹ್ಯಾಲೊಜನ್ ಬಲ್ಬಿನ ಬೆಳಕು ರಾತ್ರಿ ಸಾಲುತ್ತಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಎಲ್‌ಇಡಿ ಬಲ್ಬ್ ಹಾಕಲೋ, ಪ್ರೊಜೆಕ್ಟರ್ (ಮುಂದೆ ಮಸೂರ ಇರುವ ಲೈಟು) ಕೂರಿಸಲೋ, ಮನೆಯಲ್ಲೇ ಆಗುತ್ತಾ ಅಂತ.

ಮನೆಯಲ್ಲೇ ಆಗುತ್ತದೆ. ಆದರೆ ಮೊದಲು ವೈರು ನೋಡಿ, ಆಮೇಲೆ ಲೈಟಿನ ಗಾಜು. ಎಲ್‌ಇಡಿ ಮಾತು ಕೊನೆಗೆ. ನಾನು ಇದನ್ನೆಲ್ಲ ಉಲ್ಟಾ ಮಾಡಿ ದುಡ್ಡು ಕಳೆದುಕೊಂಡವನು.

ನಾನಿರುವುದು ಮುಧೋಳದಲ್ಲಿ. ನನ್ನ ಹತ್ತಿರವೂ ಅಂಥದ್ದೇ ಒಂದು ಕಾರಿದೆ. (ಮಾಡೆಲ್ ಹೆಸರು ಹೇಳಿದರೆ ನಾನ್ಯಾರು ಅಂತ ಇಡೀ ಊರಿಗೆ ಗೊತ್ತಾಗುತ್ತದೆ, ಬಿಡಿ.) ಕಬ್ಬಿನ ಸೀಸನ್‌ನಲ್ಲಿ ನಮ್ಮ ಕಡೆ ರಾತ್ರಿ ಗಾಡಿ ಓಡಿಸಿದವರಿಗೆ ಈ ಕಷ್ಟ ಗೊತ್ತು. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಹಿಂದೆ ಕೆಂಪು ಲೈಟ್ ಇಲ್ಲ, ರಿಫ್ಲೆಕ್ಟರ್ ಇದ್ದರೂ ನೇತಾಡುವ ಸೋಗೆ ಅದನ್ನು ಮುಚ್ಚಿರುತ್ತದೆ. ಅಂಥ ಒಂದು ಟ್ರೇಲರ್ ಹಿಂದೆ ಕಿರ್ರನೆ ಬ್ರೇಕ್ ಹಾಕಿ ನಿಂತ ಮಾರನೇ ದಿನವೇ ನಾನು ಎಲ್‌ಇಡಿ ಬಲ್ಬ್ ಆರ್ಡರ್ ಮಾಡಿದ್ದು.

ಬಂತು, ಹಾಕಿದೆ. ಬಲ್ಬಿನ ಹಿಂದೆ ಪುಟ್ಟ ಫ್ಯಾನ್ ಇರುವುದರಿಂದ ರಬ್ಬರ್ ಕ್ಯಾಪ್ ಸರಿಯಾಗಿ ಕೂರಲಿಲ್ಲ, ಇರಲಿ ಅಂತ ಬಿಟ್ಟೆ. ಆ ರಾತ್ರಿ ಬಾನೆಟ್ ಮುಂದೆ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಭಾರಿ ಖುಷಿ. ಆದರೆ ಎದುರಿಗೆ ಬಂದವರೆಲ್ಲ ಅಪ್ಪರ್-ಡಿಪ್ಪರ್ ಹೊಡೆಯುತ್ತಿದ್ದರು. ಚಹಾಕ್ಕೆ ನಿಂತಾಗ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ನೇರವಾಗಿ ಬಂದು ಕೇಳಿದ: "ಏನ್ ಲೈಟ್ ಹಾಕೀರಿ ಸಾಹೇಬ್ರ, ಕಣ್ಣ ಕಾಣವಲ್ದು!" ನನಗಾದರೂ ಲಾಭವಾಯಿತಾ? ಇಲ್ಲ. ಕಾರಿನ ಮುಂದೆ ಹತ್ತು ಹದಿನೈದು ಮೀಟರ್ ಹಗಲು, ಅದರಾಚೆ ಮೊದಲಿಗಿಂತ ಜಾಸ್ತಿ ಕತ್ತಲೆ. ಹತ್ತಿರದ ಬೆಳಕಿಗೆ ಕಣ್ಣಿನ ಪಾಪೆ ಕಿರಿದಾದರೆ ದೂರದ್ದು ಕಾಣುವುದೇ ಇಲ್ಲ.

ಯಾಕೆ ಹೀಗೆ ಅಂತ ಗೊತ್ತಾಗಬೇಕಾದರೆ ಒಂದು ಎಚ್4 ಬಲ್ಬ್ ಕೈಯಲ್ಲಿ ಹಿಡಿದು ನೋಡಿ. ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡು ಹತ್ತಿದ ಜಾಗ ವಿಪರೀತ ಕಾದು ಬಲ್ಬ್ ಬೇಗ ಹೋಗುತ್ತದೆ. ಒಳಗೆ ಎರಡು ತಂತಿ ಇವೆ, ಲೋ ಬೀಮಿಗೊಂದು (ಹತ್ತಿರದ ಬೆಳಕು), ಹೈ ಬೀಮಿಗೊಂದು (ದೂರದ ಬೆಳಕು). ಲೋ ಬೀಮಿನ ತಂತಿಯ ಕೆಳಗೆ ಬಟ್ಟಲಿನಂಥ ಒಂದು ಚಿಕ್ಕ ತಗಡು. ಕೆಳಗೆ ಹೋಗುವ ಬೆಳಕನ್ನು ಅದು ತಡೆಯುತ್ತದೆ, ಹಾಗಾಗಿ ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ಬಿದ್ದು ರಸ್ತೆಗೆ ಇಳಿಯುತ್ತದೆ. ಇಡೀ ರಿಫ್ಲೆಕ್ಟರ್ ಮಾಡಿರುವುದು ಆ ತಂತಿ ಆ ಜಾಗದಲ್ಲೇ ಇದೆ ಎಂಬ ಲೆಕ್ಕದಲ್ಲಿ. ಎಲ್‌ಇಡಿ ಚಿಪ್ ಎರಡು ಪಕ್ಕಕ್ಕೆ ಅಂಟಿಸಿದ ಚಪ್ಪಟೆ ತುಂಡು. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಬೆಳಕು ಚೆಲ್ಲಾಪಿಲ್ಲಿ. ಡಬ್ಬಿಯ ಮೇಲೆ ಬರೆದ ಲೂಮೆನ್ (ಬೆಳಕಿನ ಅಳತೆ) ನೋಡಿ ಮರುಳಾಗಬೇಡಿ.

ಎಲ್‌ಇಡಿ ತೆಗೆದು ಇನ್ನೊಂದು ಪೆದ್ದತನ ಮಾಡಿದೆ. 60/55 ವ್ಯಾಟ್ (ಹೈ ಬೀಮಿಗೆ 60, ಲೋ ಬೀಮಿಗೆ 55) ಬಲ್ಬಿನ ಜಾಗಕ್ಕೆ 100/90 ಹಾಕಿದೆ, ವೈರು ಹಳೆಯದೇ. ಬೆಳಗಾವಿಯಿಂದ ವಾಪಸ್ ಬರುವಾಗ ಯರಗಟ್ಟಿ ದಾಟಿ ಲೋಕಾಪುರದ ಕಡೆ ಹೊರಟಿದ್ದೆ, ಪ್ಲಾಸ್ಟಿಕ್ ಸುಟ್ಟ ವಾಸನೆ. ಇಳಿದು ಬಾನೆಟ್ ಎತ್ತಿದರೆ ಎಡಗಡೆ ಕಪ್ಲರ್ (ಬಲ್ಬಿಗೆ ವೈರು ಸೇರಿಸುವ ಪ್ಲಾಸ್ಟಿಕ್ ಸಾಕೆಟ್) ಕರಗಿ ಬಲ್ಬಿನ ಪಿನ್ನಿಗೆ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. 12 ವೋಲ್ಟಿಗೆ ನೂರು ವ್ಯಾಟಿನ ಎರಡು ಬಲ್ಬ್ ಅಂದರೆ ಹದಿನಾರು ಆಂಪಿಯರ್‌ಗಿಂತ ಹೆಚ್ಚು. ಆ ಸಣ್ಣ ವೈರು, ಆ ಹಳೆ ಸ್ವಿಚ್ಚು ತಡೆಯುವುದುಂಟಾ?

ಆಮೇಲೆ ಬುದ್ಧಿ ಬಂತು, ಮಲ್ಟಿಮೀಟರ್ ಹಿಡಿದೆ. ನೀವೂ ಇದನ್ನೇ ಮೊದಲು ಮಾಡಿ. ಎಂಜಿನ್ ಓಡುತ್ತಿರಲಿ, ಲೈಟ್ ಉರಿಯುತ್ತಿರಲಿ. ಬ್ಯಾಟರಿ ಮೇಲೆ ಎಷ್ಟು ವೋಲ್ಟ್, ಬಲ್ಬಿನ ಪಿನ್ನಿನಲ್ಲಿ ಎಷ್ಟು ನೋಡಿ. ನನ್ನದು ಬ್ಯಾಟರಿಯಲ್ಲಿ 13.8, ಬಲ್ಬಿನಲ್ಲಿ 12.1. ಇಷ್ಟೇನಾ ಅನಿಸುತ್ತದೆ, ಅಲ್ವಾ? ಆದರೆ ಹ್ಯಾಲೊಜನ್‌ನಲ್ಲಿ ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ. ಅಂದರೆ ನನ್ನ ಬೆಳಕಿನಲ್ಲಿ ಮೂರನೇ ಒಂದು ಪಾಲು ವೈರಿನಲ್ಲೇ ಸೋರುತ್ತಿತ್ತು.

ಮದ್ದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್ಚು. ಲೋ ಬೀಮಿಗೊಂದು, ಹೈ ಬೀಮಿಗೊಂದು. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ ದಪ್ಪ ವೈರು (ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ), 87ರಿಂದ ಬಲ್ಬಿಗೆ. 86ಕ್ಕೆ ಹಳೆ ಕಪ್ಲರಿನ ಕರೆಂಟ್, 85 ಅರ್ಥ್. ಹಳೆ ವೈರಿಗೆ ಈಗ ರಿಲೇಯನ್ನು ಎಬ್ಬಿಸುವ ಕೆಲಸ ಅಷ್ಟೇ. ಬಲ್ಬಿನ ಅರ್ಥ್‌ಗೂ ಹೊಸ ವೈರು ಕೊಡಿ, ಬಾಡಿಯ ಪೇಂಟ್ ಕೆರೆದು ಬೋಲ್ಟ್ ಬಿಗಿಯಿರಿ. ರೆಡಿಮೇಡ್ ಎಚ್4 ಹಾರ್ನೆಸ್ (ರಿಲೇ, ವೈರು ಜೋಡಿಸಿದ ಸೆಟ್) ಕೂಡ ಸಿಗುತ್ತದೆ, ಕತ್ತರಿಸುವ ಗೋಜಿಲ್ಲ. ಕೆಲವು ಜಪಾನಿ ಕಾರುಗಳಲ್ಲಿ ಸ್ವಿಚ್ ಅರ್ಥ್ ಕಡೆ ಇರುತ್ತದೆ. ಅವಕ್ಕೆ ಮಾಮೂಲಿ ಹಾರ್ನೆಸ್ ಹೊಂದುವುದಿಲ್ಲ, ಮೊದಲೇ ನೋಡಿಕೊಳ್ಳಿ. ಇದಾದ ಮೇಲೆ ನನ್ನ ಬಲ್ಬಿಗೆ 13.5 ವೋಲ್ಟ್ ಬಂತು. ಬಲ್ಬ್ ಅದೇ ಮಾಮೂಲಿ 60/55.

ಲೈಟಿನ ಗಾಜು ಅಂತೀವಿ, ಹೆಚ್ಚಾಗಿ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿಗೆ ಹಳದಿಯಾಗಿದ್ದರೆ ವಾಟರ್ ಪೇಪರ್ 800, 1500, 2000 ಹೀಗೆ ನೀರು ಹಾಕುತ್ತಾ ಉಜ್ಜಿ ಪಾಲಿಶ್ ಮಾಡಿ. ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯಲೇಬೇಕು. ಇಲ್ಲದಿದ್ದರೆ ನಮ್ಮ ಬಿಸಿಲಿಗೆ ಮತ್ತೆ ಹಳದಿ.

ಇನ್ನು ಲೆವೆಲ್, ಅಂದರೆ ಬೆಳಕು ಎಷ್ಟು ಎತ್ತರಕ್ಕೆ ಬೀಳಬೇಕು ಅನ್ನುವುದು. ಇದನ್ನು ಯಾರೂ ಮಾಡುವುದಿಲ್ಲ, ನಿಮ್ಮ ಕಾರಿಗೆ ಇದೇ ಮುಖ್ಯ. ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ನಾನು ಪಕ್ಕದ ಮನೆಯ ಕಾಂಪೌಂಡ್ ಗೋಡೆಗೆ ಬಳಪದಲ್ಲಿ ಗೆರೆ ಎಳೆದೆ. ಆ ಮನೆಯ ಕಾಕಾ ಹೊರಗೆ ಬಂದು, "ಏನ್ ತಮ್ಮಾ, ಗ್ವಾಡಿ ಅಳಿಯಾಕ್ಹತ್ತೀಯಲ್ಲ, ಪಾಲಿಗೆ ಬಂತೇನ?" ಅಂದರು. ಅವರನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದೆ, ಖಾಲಿ ಕಾರಿಗೂ ಜನ ಕೂತ ಕಾರಿಗೂ ಲೆವೆಲ್ ಬೇರೆ. ಲೋ ಬೀಮಿನ ಮೇಲಂಚು ಬಲ್ಬಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಸ್ಪೋರ್ಟ್ಸ್ ಕಾರಿನ ಮೂತಿ ತಗ್ಗು. ಲೈಟ್ ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಈ ಇಳಿಜಾರಿಗೆ ಆ ಅಂಚು 60 ಮೀಟರಿಗೇ ನೆಲ ಮುಟ್ಟುತ್ತದೆ. ಅದಕ್ಕಿಂತ ತಗ್ಗಿಸಿದರೆ ಟ್ರೇಲರ್ ಮೂತಿಗೆ ಬಂದ ಮೇಲೆಯೇ ಕಾಣುವುದು. ಹಿಂದಿನ ಮಾಲೀಕ ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸಿದ್ದರೆ ಲೆವೆಲ್ ಕೆಟ್ಟಿರುವುದು ಗ್ಯಾರಂಟಿ.

ಪ್ರೊಜೆಕ್ಟರ್? ಒಳ್ಳೆಯದೇ, ಬೆಳಕಿನ ಅಂಚು ಕತ್ತರಿಸಿದ ಹಾಗೆ ಬರುತ್ತದೆ. ಆದರೆ ಲೈಟಿನ ಡೂಮನ್ನು ಬಿಸಿ ಮಾಡಿ ಬಿಚ್ಚಿ, ಮತ್ತೆ ನೀರು ಹೋಗದಂತೆ ಅಂಟಿಸಬೇಕು. ಹಳೆ ಕಾರಿನ ಲೈಟ್ ಒಡೆದರೆ ಇನ್ನೊಂದು ಸಿಗುವುದು ಕಷ್ಟ, ಗುಜರಿಯಲ್ಲಿ ಸ್ಪೇರ್ ಜೋಡಿ ಸಿಕ್ಕರೆ ಮಾತ್ರ ಕೈ ಹಾಕಿ. ಹೊರಗಿನಿಂದ ತರಿಸುವಾಗ ನಮ್ಮ ಹಾಗೆ ಎಡಗಡೆ ಓಡಿಸುವ ದೇಶದ್ದೇ ಬೇಕು. ಅಮೆರಿಕದ್ದು ತಂದರೆ ಬೆಳಕು ಬಲಕ್ಕೆ ಏರಿ ಎದುರಿನವನ ಕಣ್ಣಿಗೇ ಹೋಗುತ್ತದೆ. ಕಾನೂನೂ ಇದೆ: ಕಂಪನಿ ಕೊಟ್ಟ ನಮೂನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ಸಾಲುಸಾಲು ಕೇಸು ಹಾಕಿದ್ದರು.

ಸದ್ಯಕ್ಕೆ ಬ್ಯಾಟರಿ, ಬಲ್ಬ್ ಎರಡರ ವೋಲ್ಟ್ ಲೆಕ್ಕ ತೆಗೆದು ಕೆಳಗೆ ಬರೆಯಿರಿ, ಕಾರಿನ ಮಾಡೆಲ್ ಕೂಡ ಹೇಳಿ. ನಿಮ್ಮೂರು ದೊಡ್ಡದು, ಯಾರೂ ಗುರುತು ಹಿಡಿಯಲ್ಲ.